ಹೊರಗೆ ನಿಲ್ಲುವ ಅಭ್ಯಾಸ

ಕಳೆದ ಬೇಸಿಗೆ ರಜೆಯ ಬಹುಪಾಲನ್ನು ನಾನು ನನ್ನದೇ ಮನೆಯ ಬಾಗಿಲ ಹೊರಗೆ ನಿಂತು ಕಳೆದೆ. ಕೈಯಲ್ಲಿ ಕೀಲಿಕೈ ಇತ್ತು, ಕಾಲಲ್ಲಿ ಚಪ್ಪಲಿ ಇತ್ತು, ಹೋಗಬೇಕಾದ ಜಾಗ ಮಾತ್ರ ಇರಲಿಲ್ಲ. ತರಕಾರಿ ಮಾರುವ ಹೆಂಗಸು ಎರಡು ದಿನ ನೋಡಿದಳು. ಮೂರನೆಯ ದಿನ ಬುಟ್ಟಿ ಇಳಿಸಿ, "ಯಾರ್ರಿ ಟೀಚರ್, ನಿಮ್ಮನ್ನ ಹೊರಗ ಹಾಕಿದವ್ರು?" ಎಂದು ಕೇಳಿದಳು. "ನಾಯಿ" ಎಂದೆ. ಒಬ್ಬಳೇ ಇರುವವಳ ಮನೆಯಲ್ಲಿ ಹೀಗೂ ಆಗಬಹುದು ಎಂಬಂತೆ ತಲೆಯಾಡಿಸಿ ಹೋದಳು.

ನಾಯಿಯ ಹೆಸರು ಮೋತ್ಯಾ. ರಾಯಬಾಗದ ನಮ್ಮ ಓಣಿಯ ಕೊನೆಯ ಮನೆಯವರು ಸಾಮಾನು ಕಟ್ಟಿಕೊಂಡು ಊರು ಬಿಟ್ಟಾಗ ಅವನನ್ನು ಅಂಗಳದಲ್ಲೇ ಬಿಟ್ಟು ಗೇಟಿಗೆ ಕೀಲಿ ಹಾಕಿದ್ದರು. ಮೂರು ದಿನ ಅತ್ತ. ನಾಲ್ಕನೆಯ ದಿನ ನಾನು ಕರೆತಂದೆ. ಅಂದಿನಿಂದ ನಾನು ಬಚ್ಚಲಿಗೆ ಹೋದರೂ ಬಾಗಿಲ ಬುಡದಲ್ಲಿ ಕುಂಯ್‌ಗುಟ್ಟುತ್ತಿದ್ದ. ನಾನು ಮುಗಳಖೋಡದ ಹೈಸ್ಕೂಲಿನಲ್ಲಿ ಕನ್ನಡ ಕಲಿಸುವವಳು. ವಿರಹವನ್ನೆಲ್ಲ ನಮ್ಮ ಲಾಕ್ಷಣಿಕರು ನಾಯಿಕೆಗೆ ಬರೆದುಕೊಟ್ಟರು. ಕೊನೆಯ ಒಂದಕ್ಷರ ಬಿಟ್ಟು ನೋಡಿದ್ದರೆ ಇನ್ನೂ ದೊಡ್ಡ ಉದಾಹರಣೆ ಸಿಗುತ್ತಿತ್ತು. ನಾಯಿಕೆ ಚಂದ್ರನನ್ನು ಬೈದು ಸುಮ್ಮನಾಗುತ್ತಾಳೆ. ಮೋತ್ಯಾ ಬಾಗಿಲನ್ನೇ ಕಡಿಯುತ್ತಿದ್ದ. ಶಾಲೆ ಶುರುವಾಗಲು ಆರು ವಾರವಿತ್ತು. ಅಷ್ಟರಲ್ಲಿ ಅವನು ಒಬ್ಬನೇ ಇರಲು ಕಲಿಯಬೇಕು, ಇಲ್ಲವೇ ಬೇರೆ ಮನೆ ಸೇರಬೇಕು. ಬಿಟ್ಟುಹೋದವರ ಪಟ್ಟಿಯಲ್ಲಿ ಎರಡನೆಯ ಹೆಸರು ನನ್ನದಾಗುವುದು ನನಗೆ ಬೇಕಿರಲಿಲ್ಲ.

ದನದ ದವಾಖಾನೆಯ ಡಾಕ್ಟರು ಎಮ್ಮೆಯೊಂದಕ್ಕೆ ಸೂಜಿ ಚುಚ್ಚುತ್ತಲೇ ಹೇಳಿದರು: "ಹೊರಗ ಹೋಗ್ರಿ, ಹತ್ತ ಎಣಸ್ರಿ, ಅಂವಾ ಹೆದರೂದರೊಳಗ ತಿರುಗಿ ಬರ್ರಿ. ನಾಳೆ ಇಪ್ಪತ್ತ ಎಣಸ್ರಿ. ಹೋಗೂವಾಗ ಸಮಾಧಾನ ಹೇಳಬ್ಯಾಡ್ರಿ, ಬಂದ ಮ್ಯಾಲ ಮುದ್ದ ಮಾಡಬ್ಯಾಡ್ರಿ."

ಕೇಳಲು ಸುಲಭ. ದಿನಕ್ಕೆ ಮೂವತ್ತು ಸಲ ಮನೆ ಬಿಟ್ಟು ಮೂವತ್ತು ಸಲ ಮರಳಿ ಬಂದವರಿಗೇ ಗೊತ್ತು ಅದರ ದಣಿವು. ಕೀಲಿಕೈ ಸದ್ದಾದರೆ ಅವನು ನಡುಗುತ್ತಿದ್ದುದರಿಂದ, ಆ ಸದ್ದು ರೂಢಿಯಾಗಲೆಂದು ಅದನ್ನು ಸೊಂಟಕ್ಕೆ ಸಿಕ್ಕಿಸಿಕೊಂಡೇ ರೊಟ್ಟಿ ಬಡಿದೆ. ಶಾಲೆಯ ಬ್ಯಾಗನ್ನು ಹೆಗಲಿಗೆ ಹಾಕಿಕೊಂಡು ಉಳ್ಳಾಗಡ್ಡಿ ಹೆಚ್ಚಿದೆ. ಮೂರು ವಾರಕ್ಕೆ ಇಪ್ಪತ್ತು ನಿಮಿಷ ದಕ್ಕಿತು.

ದಕ್ಕಿದ್ದೇ ತಡ, ಆಸೆ ಬಂತು. ಅಲಖನೂರದಲ್ಲಿ ಸಹೋದ್ಯೋಗಿಯ ಮಗಳ ಮದುವೆ. ಅಕ್ಕಿಕಾಳು ಹಾಕಿ ಓಡಿ ಬಂದರಾಯಿತು ಎಂದುಕೊಂಡೆ. ಅವರು ಊಟಕ್ಕೆ ಕೂರಿಸಿದರು, ನಾನೂ ಕೂತೆ. ಎರಡೂವರೆ ಗಂಟೆ ಬಿಟ್ಟು ಬಂದಾಗ ಎದುರು ಮನೆಯ ಶಾಂತಕ್ಕ ನನ್ನ ಮೆಟ್ಟಿಲ ಮೇಲೆ, ಮುಚ್ಚಿದ ಬಾಗಿಲಿಗೆ ಬೆನ್ನು ಕೊಟ್ಟು ಏನೇನೋ ಮಾತಾಡುತ್ತಿದ್ದಳು.

"ಒಳಗಿಂದ ಕೆದರಾಕತ್ತಿದ್ದರಿ. ನಾ ಮಾತಾಡಿದ್ರ ಸುಮ್ಮನಾಗ್ತಿದ್ದ. ಅದಕ್ಕ ಕುಂತೆ."

ಬಾಗಿಲು ತೆರೆದರೆ ಮೋತ್ಯಾನ ಎರಡು ಉಗುರು ಕಿತ್ತು ರಕ್ತ ಬಂದಿತ್ತು. ಅದೇ ಹೊತ್ತಿಗೆ ಎದುರು ಮನೆಯಿಂದಲೂ ಒಂದು ಕೂಗು ಬಂತು. ಶಾಂತಕ್ಕನ ಗಂಡ ಅಪ್ಪಾಸಾಬ ಕಾಕಾಗೆ ಲಕ್ವಾ ಹೊಡೆದು ಒಂದೂವರೆ ವರ್ಷವಾಗಿತ್ತು. ಹೆಂಡತಿ ಕಣ್ಣಿಗೆ ಮರೆಯಾದರೆ ಅವರಿಗೆ ಜೀವ ನಿಲ್ಲುತ್ತಿರಲಿಲ್ಲ. ಅವಳು ಎರಡೂ ಮನೆಗಳ ನಡುವೆ ಓಡಾಡುತ್ತ ಆ ಮಧ್ಯಾಹ್ನ ಕಳೆದಿದ್ದಳು. ನಾನು ಮದುವೆಯಲ್ಲಿ ಎರಡನೆಯ ಸಲ ಹೋಳಿಗೆ ಹಾಕಿಸಿಕೊಂಡಿದ್ದೆ. ಮರುದಿನದಿಂದ ಮತ್ತೆ ಹತ್ತರಿಂದ ಎಣಿಸತೊಡಗಿದೆ.

ಒಂದು ಮುಂಜಾನೆ ಶಾಂತಕ್ಕ ಪಕ್ಕಕ್ಕೆ ಬಂದು ನಿಂತಳು. ನನ್ನ ಎಣಿಕೆ ಮುಗಿಯುವವರೆಗೆ ಕಾದು, ತಗ್ಗಿದ ದನಿಯಲ್ಲಿ ಕೇಳಿದಳು: "ತಪ್ಪ ತಿಳ್ಕೋಬ್ಯಾಡ್ರಿ ಟೀಚರ್. ನಮ್ಮವರಿಗೂ ಹಿಂಗ ಮಾಡಿದ್ರ ನಡೀತೈತೇನ್ರಿ?"

"ಅವರಿಗೆ ಮಾತ ತಿಳೀತೈತಲ್ಲ ಶಾಂತಕ್ಕ. ಹೇಳೇ ಹೋಗ್ರಿ. ಹೇಳಿದಷ್ಟಕ್ಕ ತಪ್ಪದ ಬರ್ರಿ" ಎಂದೆ.

"ಐದ ಮಿನಿಟಿಗೆ ಬರ್ತೀನ್ರಿ" ಎಂದು ಗಂಡನಿಗೆ ಹೇಳಿ ಅವಳು ಹೊರಬಿದ್ದಳು. ಕಾಕಾ ಎರಡು ಸಲ ಕರೆದರು. ಸೆರಗಿನ ತುದಿ ಹಿಂಡುತ್ತ ನಿಂತಿದ್ದವಳು ಐದಕ್ಕೆ ಸರಿಯಾಗಿ ಒಳಗೆ ಹೋದಳು. ಹಾಗೆ ಒಂದು ವಾರ. ಎಂಟನೆಯ ದಿನ ಕಾಕಾ ಗೋಡೆ ಗಡಿಯಾರದ ಕಡೆ ನೆಟ್ಟಗಿದ್ದ ಕೈ ತೋರಿಸಿ, "ಹತ್ತ" ಎಂದು ತೊದಲಿದರಂತೆ. ಹೇಳುವಾಗ ಶಾಂತಕ್ಕನ ಕಣ್ಣು ತುಂಬಿತ್ತು. ಒಂದೂವರೆ ವರ್ಷದಲ್ಲಿ ಅವರು ಅವಳಿಗೆ ಕೊಟ್ಟ ಮೊದಲ ರಜೆ ಅದು.

ಶಾಲೆ ಶುರುವಾಗುವ ಹೊತ್ತಿಗೆ ಮೋತ್ಯಾ ಒಂದೂವರೆ ಗಂಟೆಯವರೆಗೆ ಬಂದಿದ್ದ. ನನ್ನ ಕೆಲಸವೋ ಇಡೀ ದಿನದ್ದು. ನಡುನಡುವೆ ಬಾಗಿಲು ತೆರೆದು, ರೊಟ್ಟಿಯ ಚೂರು ಹಾಕಿ ಶಾಂತಕ್ಕ ದಿನವನ್ನು ತುಂಡು ಮಾಡಿಕೊಟ್ಟಳು. ಮಳೆಗಾಲ ಕಳೆಯುವಷ್ಟರಲ್ಲಿ ಮಧ್ಯಾಹ್ನ ಒಂದು ಸಲ ಇಣುಕಿದರೆ ಸಾಕಾಗುತ್ತಿತ್ತು. ನಾನು ಸಂಜೆ ಬಂದಾಗ ಅವನು ಆಕಳಿಸುತ್ತ ಎದ್ದು ಬರುತ್ತಿದ್ದ. ನಾನೂ ಆಕಳಿಸುತ್ತಲೇ ಒಳಗೆ ಹೋಗುತ್ತಿದ್ದೆ.

ಒಂದು ದಿನ ನಾನೂ ಶಾಂತಕ್ಕನೂ ಸಂತೆಗೆ ಹೊರಟೆವು. ಕಾಕಾಗೆ ಮುಕ್ಕಾಲು ತಾಸು ಎಂದು ಹೇಳಿಯಾಗಿತ್ತು. ಓಣಿಯ ತಿರುವಿನಲ್ಲಿ ಶಾಂತಕ್ಕ ಗಕ್ಕನೆ ನಿಂತಳು.

"ಏನೂ ಕೇಳವಲ್ದಲ್ಲರಿ" ಎಂದಳು. ದನಿಯಲ್ಲಿ ಗಾಬರಿಯಿತ್ತು.

ನಾನೂ ಕಿವಿಗೊಟ್ಟೆ. ನಿಜ, ನಮ್ಮನ್ನು ಯಾರೂ ಕರೆಯುತ್ತಿರಲಿಲ್ಲ. ಕರೆ ಬಂದರೆ ಹಿಂದಕ್ಕೆ ಓಡುವುದು ಇಬ್ಬರಿಗೂ ಗೊತ್ತಿತ್ತು. ಬಾರದಿದ್ದರೆ ಮುಂದಕ್ಕೆ ಹೋಗುವುದು ರೂಢಿಯಿರಲಿಲ್ಲ. ಸ್ವಲ್ಪ ಹೊತ್ತು ಅಲ್ಲೇ ನಿಂತೆವು. ಆಮೇಲೆ ಅವಳೇ ಮೊದಲು ಹೆಜ್ಜೆ ಇಟ್ಟಳು.