ನಾಜಿಯ ಮದುವೆ ಗುಡಾಣ

ನನ್ನ ಗಂಡನ ಅಕ್ಕ ನಾಜಿಬ್ರೋಲಾ ಕೂತು ಊಟ ಮಾಡಿದ್ದನ್ನು ಕಂಡವರು ನಮ್ಮೂರಲ್ಲಿ ಯಾರೂ ಇಲ್ಲ. ಒಂದು ಕೈಯಲ್ಲಿ ರೊಟ್ಟಿ, ಇನ್ನೊಂದು ಕೈಯಲ್ಲಿ ಚೀಸಿನ ತುಂಡು, ಕಾಲು ಮಾತ್ರ ಅಂಗಳದಲ್ಲಿ. ಕೂತ್ಕೊಳ್ಳಿ ಅತ್ತಿಗೆ ಎಂದರೆ ಬಂದೆ ಬಂದೆ ಎನ್ನುತ್ತಾಳೆ, ಹೇಳಿ ಮುಗಿಸುವಷ್ಟರಲ್ಲಿ ತೋಟದ ಆ ತುದಿಯಲ್ಲಿರುತ್ತಾಳೆ. ಮೊದಮೊದಲು ನನಗೆ ಸಿಟ್ಟು ಬರುತ್ತಿತ್ತು. ಸೊಸೆಯಾಗಿ ಬಂದವಳು ನಾನು ಕೂತು ಉಣ್ಣುವುದು, ಮನೆಮಗಳು ನಿಂತು ಉಣ್ಣುವುದು, ನೋಡಿದವರು ಏನಂದಾರು? ಆಮೇಲೆ ಅಭ್ಯಾಸವಾಯಿತು. ಕಾಲಿಗೆ ಚಕ್ರ ಕಟ್ಟಿಕೊಂಡು ಹುಟ್ಟಿದವಳನ್ನು ಬೆಂಚಿಗೆ ಕಟ್ಟಿಹಾಕಲು ಆಗುತ್ತದೆಯೇ?

ಅವಳು ಹುಟ್ಟುವ ಮುಂಚೆಯೇ ಅವಳಪ್ಪ ಅರ್ಚಿಲ್ ಗಂಡುಮಗುವೇ ಎಂದು ಖಾತ್ರಿ ಮಾಡಿಕೊಂಡು ಒಂದು ಹೊಸ ಗುಡಾಣ ತರಿಸಿ ನೆಲದಲ್ಲಿ ಹೂಳಿಸಿದ್ದನಂತೆ. ಮಗ ಹುಟ್ಟಿದ ವರ್ಷದ ವೈನ್ ತುಂಬಿ, ಕಲ್ಲು ಮುಚ್ಚಿ, ಜೇಡಿಮಣ್ಣು ಮೆತ್ತಿ ಬಿಡುವುದು, ಅವನ ಮದುವೆಗೆ ತೆರೆಯುವುದು ನಮ್ಮ ಕಡೆಯ ಪದ್ಧತಿ. ಹುಟ್ಟಿದ್ದು ನಾಜಿ. ಗುಡಾಣ ಬಾಯಿ ತೆರೆದುಕೊಂಡು ಕೂತಿತ್ತು. ಅಕ್ಕಪಕ್ಕದವರು ನಕ್ಕರು. ನಗುವವರು ನಗಲಿ ಎಂದು ಅರ್ಚಿಲ್ ಬಾವಿಯ ಪಕ್ಕದ ಸಾಲಿನ ಕಪ್ಪು ದ್ರಾಕ್ಷಿಯನ್ನೆಲ್ಲ ಅದಕ್ಕೇ ಸುರಿದು, ಹೆಣ್ಣಾದರೇನು, ಇದು ನನ್ನ ಮಗಳ ಮದುವೆ ಗುಡಾಣ ಎಂದು ಮುಚ್ಚಿಸಿದ. ಆಮೇಲೆ ಹುಟ್ಟಿದ ನನ್ನ ಗಂಡ ಜುಂಬರ್‌ಗೂ ಒಂದು ಬಂತು. ಅದನ್ನು ನನ್ನ ಮದುವೆಗೆ ತೆರೆದರು. ಬಂದವರೆಲ್ಲ ಮೂಗಿನ ತನಕ ಕುಡಿದರು. ಮದುಮಗಳು ಹೆಚ್ಚು ಕುಡಿಯಬಾರದೆಂದು ನನಗೆ ಸಿಕ್ಕಿದ್ದು ಒಂದೇ ಗುಟುಕು. ಅದರ ಸಿಟ್ಟು ಇನ್ನೂ ಇದೆ.

ನಾಜಿಯ ಗುಡಾಣ ಮಾತ್ರ ಗುಡಾಣದ ಕೋಣೆಯ ಮೂಲೆಯಲ್ಲಿ ಹಾಗೇ ಉಳಿಯಿತು. ಸಂಬಂಧಗಳು ಬರಲಿಲ್ಲವೆಂದಲ್ಲ. ಬಂದವರ ಮುಂದೆ ಅವಳು ಎರಡು ನಿಮಿಷ ಕೂರುವವಳಲ್ಲ. ನದಿಯಾಚೆಯ ಊರಿನ ಟ್ರಾಕ್ಟರ್ ಓಡಿಸುವವನೊಬ್ಬ ಒಪ್ಪಿದ್ದ, ರಷ್ಯಾಕ್ಕೆ ದುಡಿಯಲು ಹೋದ, ಅಲ್ಲೇ ಉಳಿದ. ಪ್ರತಿ ಕೊಯ್ಲಿಗೂ ಅರ್ಚಿಲ್ ಮಗಳನ್ನು ಕೆಣಕುತ್ತಿದ್ದ: ನಿನ್ನ ವೈನ್ ನನಗೆ ಯಾವಾಗ ಕುಡಿಸ್ತೀಯೇ? ಅವಳು ನಕ್ಕು ಓಡುತ್ತಿದ್ದಳು. ಊರಿನವರ ಮದುವೆಗಳಿಗೆ ಮಾತ್ರ ಒಂದನ್ನೂ ಬಿಟ್ಟವಳಲ್ಲ. ಬೆತ್ತದ ಬುಟ್ಟಿಯಲ್ಲಿ ಕೂರಿಸಿದ ದೊಡ್ಡ ಗಾಜಿನ ಹೂಜಿಯ ತುಂಬ ವೈನ್ ಹೊತ್ತು ಹೋಗಿ, ಮದುಮಗಳ ಎದುರಿಗಿಟ್ಟು, ಕೆನ್ನೆಗೆ ಮುತ್ತು ಕೊಟ್ಟು, ಕುಣಿತ ಶುರುವಾಗುವ ಮೊದಲೇ ಮನೆಗೆ ಬಂದುಬಿಡುತ್ತಾಳೆ.

ಮಾವ ಅರ್ಚಿಲ್ ತೀರಿಕೊಂಡದ್ದು ವರ್ಷಗಳ ಹಿಂದೆ, ಕೊಯ್ಲಿನ ಶರತ್ಕಾಲದಲ್ಲೇ. ಉಸಿರು ನಿಲ್ಲುವಾಗ ನಾವೆಲ್ಲ ಹಾಸಿಗೆಯ ಸುತ್ತ ಇದ್ದೆವು, ನಾಜಿ ಇರಲಿಲ್ಲ. ಹೆಂಗಸರು ಅಳಲು ತೊಡಗಿದ ಮೇಲೆ ಮೆಟ್ಟಿಲು ಹತ್ತಿ ಬಂದಳು. ಕೈಯಲ್ಲಿ ತುಂಬಿದ ಲೋಟ, ಮೊಣಕೈವರೆಗೂ ಜೇಡಿಮಣ್ಣು. ಲೋಟವನ್ನು ತಲೆದಿಂಬಿನ ಪಕ್ಕದ ಮಣೆಯ ಮೇಲಿಟ್ಟು ತಿರುಗಿ ಹೋದಳು. ಸತ್ತವರ ಪಕ್ಕ ವೈನ್ ಇಡುವುದು ಇದ್ದದ್ದೇ, ಯಾರೂ ಏನೂ ಕೇಳಲಿಲ್ಲ. ಆದರೆ ತೆಲಾವಿ ಪಟ್ಟಣದಿಂದ ಬಂದಿದ್ದ ನನ್ನ ಗಂಡನ ಸೋದರತ್ತೆಗೆ ನಾಲಿಗೆಯ ಮೇಲೆ ಹಿಡಿತವಿಲ್ಲ. ಅಪ್ಪನ ಹೆಣದ ಮುಂದೆಯೂ ಕೂರದ ಮಗಳು ಎಂದು ಊರಿಗೆಲ್ಲ ಕೇಳುವಂತೆ ಅಂದಳು. ನನಗೆ ಮೈಯೆಲ್ಲ ಉರಿಯಿತು, ಆದರೆ ಏನು ಹೇಳಲಿ? ನಿಜವಾಗಿಯೂ ಅವಳು ಕೂತಿರಲಿಲ್ಲ. ಮಣ್ಣು ಮಾಡಿ ಬಂದ ಮೇಲಿನ ಊಟದಲ್ಲಿ ಪ್ರತಿ ಲೋಟಕ್ಕೂ ಮುಂಚೆ ನಾಲ್ಕು ಮಾತು ಹೇಳುವ ಮೇಜಿನ ಯಜಮಾನನಾಗಿದ್ದ ಮುದುಕ ಉಶಾಂಗಿ ಮೊದಲ ಗುಟುಕಿಗೇ ಎದ್ದು ನಿಂತು, ಈ ವೈನ್ ಎಲ್ಲಿಯದು ಎಂದು ಕೇಳಿದ. ನನ್ನ ಗಂಡ ಎದೆಯುಬ್ಬಿಸಿ, ಅಪ್ಪ ಮಾಡಿದ್ದು, ಇನ್ನೆಲ್ಲಿಯದು ಎಂದ.

ಜುಂಬರ್‌ನ ವಿಷಯ ಹೇಳಲೇಬೇಕು. ಒಳ್ಳೆಯವನೇ. ಆದರೆ ದುಡಿಯುವುದು ಅಕ್ಕ, ಮಾತಾಡುವುದು ತಮ್ಮ. ಗುಡಾಣದೊಳಕ್ಕೆ ಇಳಿದು ತೊಳೆಯುವವಳು, ರಸ ಹುದುಗಿ ದ್ರಾಕ್ಷಿ ಸಿಪ್ಪೆ ಮೇಲೆ ಬಂದಾಗ ಕೋಲಿನಿಂದ ಕೆಳಕ್ಕೆ ತಳ್ಳುವವಳು, ಬಾಯಿ ಮುಚ್ಚಿ ಮಣ್ಣು ಮೆತ್ತುವವಳು, ಎಲ್ಲ ನಾಜಿ. ಇವನು ಗುಡಾಣದ ಕೋಣೆಗೆ ಹೋಗುವುದೇ ಅತಿಥಿಗಳು ಬಂದಾಗ. ಈಗ ಕೆಲವು ವರ್ಷಗಳಿಂದ ಶರತ್ಕಾಲ ಬಂತೆಂದರೆ ಸಾಕು, ರಾಜಧಾನಿ ತ್ಬಿಲಿಸಿಯಿಂದ ವ್ಯಾನುಗಳಲ್ಲಿ ಹೊರದೇಶದವರು ಬರುತ್ತಾರೆ. ಬುಟ್ಟಿ ಹಿಡಿದು ನಾಲ್ಕು ಗೊನೆ ಕೊಯ್ಯುತ್ತಾರೆ, ಹತ್ತು ಫೋಟೋ ತೆಗೆಯುತ್ತಾರೆ, ಉಂಡು ಹೋಗುತ್ತಾರೆ. ಅವರಿಗೆ ಇವನು ಮೂಲೆಯ ಗುಡಾಣ ತೋರಿಸಿ, ಮದುಮಗನಿಗಾಗಿ ಕಾಯುತ್ತಿರುವ ವೈನಿನ ಕಥೆ ಹೇಳುತ್ತಾನೆ. ಹೇಳುವಾಗ ನಾಜಿಯನ್ನು ಕರೆದು ಪಕ್ಕದಲ್ಲಿ ನಿಲ್ಲಿಸಿಕೊಳ್ಳುತ್ತಾನೆ. ಅವರು ಅವಳ ಫೋಟೋ ತೆಗೆಯುತ್ತಾರೆ. ನನಗಂತೂ ಆ ಹೊತ್ತಿನಲ್ಲಿ ಇವನ ತಲೆಗೆ ಸೌಟಿನಿಂದ ಬಡಿಯಬೇಕೆನಿಸುತ್ತದೆ.

ಈ ಸಲ ಕೊಯ್ಲು ಶುರುವಾಗುವ ವಾರ ಊಟದ ಹೊತ್ತಿಗೆ ಬಂದು ಕೂತವನೇ ಸುದ್ದಿ ಒದರಿದ. ವ್ಯಾನಿನವರೊಂದಿಗೆ ಮಾತಾಗಿದೆಯಂತೆ. ಭಾನುವಾರ ಬರುವ ಅತಿಥಿಗಳ ಎದುರಿಗೆ ಆ ಹಳೆಯ ಗುಡಾಣ ತೆರೆಯುವುದಂತೆ. ಹಾಗೆ ಮಾಡಿದರೆ ಇನ್ನು ಮೇಲೆ ಪ್ರತಿ ವರ್ಷವೂ ನಮ್ಮ ಮನೆಗೇ ಬರುತ್ತಾರಂತೆ. ಬಾಗಿಲಲ್ಲಿ ನಿಂತು ಉಣ್ಣುತ್ತಿದ್ದ ನಾಜಿಯ ಕೈಯಲ್ಲಿ ರೊಟ್ಟಿ ಹಾಗೇ ನಿಂತಿತು.

"ಅದೊಂದು ಬಿಡು, ಜುಂಬರ್. ಬೇರೆ ಯಾವ್ದಾದ್ರೂ ತೆಗಿ" ಎಂದಳು.

"ನಿಂಗೆ ಐವತ್ತೆಂಟಾಯ್ತಲ್ಲ ಅಕ್ಕ. ಇನ್ಯಾವ ಮದುವೆಗೆ ಇಟ್ಕೋತೀಯ ಅದನ್ನ?"

ನಾಜಿ ರೊಟ್ಟಿಯನ್ನು ಮೇಜಿನ ಮೇಲಿಟ್ಟು ಹೊರಗೆ ಹೋದಳು. ನಾನು ಗಂಡನ ಮುಂದಿನ ಮಾಂಸದ ತಟ್ಟೆ ಎತ್ತಿ ಬೆಕ್ಕಿಗೆ ಹಾಕಿದೆ. ಅಂದಿನಿಂದ ಭಾನುವಾರದವರೆಗೆ ಬೆಳಿಗ್ಗೆ ರಾತ್ರಿ ಬೇಯಿಸಿದ ಹುರುಳಿಯನ್ನೇ ಬಡಿಸಿದೆ, ಉಪ್ಪಿಲ್ಲದೆ. ತಪ್ಪು ಮಾತಾಡಿದೆ ಅಂತ ಅವನಿಗೂ ಗೊತ್ತಿತ್ತು. ಆದರೆ ಅತಿಥಿಗೆ ಮಾತು ಕೊಟ್ಟಾಗಿದೆ, ಅತಿಥಿ ಎಂದರೆ ದೇವರು ಕಳಿಸಿದವನು ಎಂಬ ಒಂದೇ ರಾಗ.

ಆ ವಾರ ನಮ್ಮ ಮನೆಯಲ್ಲಿ ಯಾರಿಗೂ ನೆಮ್ಮದಿಯಿರಲಿಲ್ಲ. ಹೊಸ ರಸ ಗುಡಾಣಗಳಲ್ಲಿ ಕುದಿಯುತ್ತ ಗುಜುಗುಜು ಎನ್ನುತ್ತಿತ್ತು, ಹಿತ್ತಲ ತುಂಬ ಕಣಜದ ಹುಳಗಳು, ಬೆಟ್ಟದ ಕಡೆಯಿಂದ ಮೋಡ ಎದ್ದರೆ ಆಲಿಕಲ್ಲಿನ ಭಯ. ನಾಜಿ ದಿನವಿಡೀ ಗೊನೆ ಕೊಯ್ದು ಬಂದು, ಸಂಜೆ ಗುಡಾಣದ ಕೋಣೆಗೂ ಅಂಗಳಕ್ಕೂ ಓಡಾಡುತ್ತಿದ್ದಳು. ಒಂದು ಸಲ ಸಲಿಕೆ ಹಿಡಿದು ಒಳಗೆ ಹೋದಳು, ಸ್ವಲ್ಪ ಹೊತ್ತಿಗೆ ಸಲಿಕೆ ಹಿಡಿದೇ ಹೊರಗೆ ಬಂದಳು. ಇವಳ ಎದೆಯಲ್ಲಿ ಇನ್ನೂ ಮದುವೆಯ ಆಸೆ ಇದೆಯೇ? ಇದ್ದರೇನು ತಪ್ಪು?

ಶನಿವಾರ ನಾವಿಬ್ಬರೂ ಆಕ್ರೋಟಿನ ತಿರುಳನ್ನು ದಾರಕ್ಕೆ ಪೋಣಿಸಿ ದ್ರಾಕ್ಷಿ ಪಾಕದಲ್ಲಿ ಅದ್ದುತ್ತಿದ್ದೆವು. ಅವಳು ನಿಂತು, ನಾನು ಕೂತು. ತಡೆಯಲಾಗದೆ ಕೇಳಿಯೇಬಿಟ್ಟೆ.

"ಅತ್ತಿಗೆ, ಬೇಡ ಅಂದ್ರೆ ಬೇಡ ಅನ್ನಿ. ಅವ್ನ ಬಾಯಿ ಮುಚ್ಚಿಸೋದು ನನಗೆ ಬಿಡಿ."

"ಅವ್ನು ಮರ್ಯಾದೆ ಕಳ್ಕೋತಾನೆ ಲಮಾರಾ. ಹೇಗೆ ನೋಡಿದ್ರೂ ಕಳ್ಕೋತಾನೆ" ಎಂದಳು. ಅದರ ಅರ್ಥ ನನಗೆ ಆಗ ಆಗಲಿಲ್ಲ. ಕೇಳೋಣವೆಂದರೆ ದಾರವನ್ನು ಗೂಟಕ್ಕೆ ನೇತುಹಾಕಿ ಹೊರಟೇಹೋದಳು.

ಭಾನುವಾರ ಹನ್ನೆರಡರ ಹೊತ್ತಿಗೆ ವ್ಯಾನು ಬಂತು. ಪೋಲೆಂಡಿನವರು, ಡಚ್ಚರು, ಎಲ್ಲ ಸೇರಿ ಒಂದು ಮೇಜಿನ ಜನ. ಅವರ ಮಾತು ನಮಗೆ, ನಮ್ಮ ಮಾತು ಅವರಿಗೆ ದಾಟಿಸಲು ತೇಕ್ಲಾ ಎಂಬ ಹುಡುಗಿ. ಅವರು ಕೊಯ್ದರು, ನಕ್ಕರು, ಕಣಜ ಕಚ್ಚಿಸಿಕೊಂಡರು. ಆಮೇಲೆ ಜುಂಬರ್ ಎಲ್ಲರನ್ನೂ ಗುಡಾಣದ ಕೋಣೆಗೆ ಕರೆದೊಯ್ದ. ಮೇಜನ್ನೂ ಅಲ್ಲೇ ಹಾಕಿಸಿದ್ದ, ದ್ರಾಕ್ಷಿ ಬಳ್ಳಿಯ ಕೆಂಡದಲ್ಲಿ ಸುಟ್ಟ ಮಾಂಸ, ಬಿಸಿ ರೊಟ್ಟಿ ಎಲ್ಲ ಇತ್ತು. ಕಥೆ ಶುರುಮಾಡಿದ. ನಾಜಿ ಕರೆಯಿಸಿಕೊಳ್ಳದೆ ತಾನೇ ಬಂದು ಅವನ ಪಕ್ಕ ನಿಂತಳು.

ಅವನು ಮರಳು ಸರಿಸಿದ. ಜೇಡಿಮಣ್ಣಿಗೆ ಸಲಿಕೆ ಹಾಕಿದ. ಅಷ್ಟು ವರ್ಷದ ಮಣ್ಣು ಕಲ್ಲಾಗಿರಬೇಕಿತ್ತು, ಬೆಣ್ಣೆಯ ಹಾಗೆ ಎದ್ದು ಬಂತು. ಇವನಿಗೆ ಮಾತಿನ ಭರದಲ್ಲಿ ಅದು ತಿಳಿಯಲೇ ಇಲ್ಲ. ಮುಚ್ಚಳದ ಕಲ್ಲು ಎತ್ತಿ, ಸೋರೆಬುರುಡೆಯ ಉದ್ದ ಸೌಟು ಇಳಿಸಿ, ಲೋಟಕ್ಕೆ ಸುರಿದ. ಗಾಜಿನ ಅಂಚಿಗೆ ನೇರಳೆ ಬಣ್ಣ ಹತ್ತಿತು. ಹಳೆಯ ವೈನಿಗೆ ಆ ಬಣ್ಣ ಎಲ್ಲಿಂದ ಬರಬೇಕು? ಅತಿಥಿಗಳು ಚಪ್ಪಾಳೆ ತಟ್ಟಿದರು. ಜುಂಬರ್ ಕುಡಿದ. ಬಾಯಿಯಲ್ಲೇ ಇಟ್ಟುಕೊಂಡು ಅಕ್ಕನನ್ನು ನೋಡಿದ. ಉಗುಳುವಂತಿಲ್ಲ, ನುಂಗುವಂತಿಲ್ಲ. ಕೊನೆಗೆ ನುಂಗಿದ.

"ಹೋದ ವರ್ಷದ್ದು ಅದು" ಎಂದಳು ನಾಜಿ ಮೆಲ್ಲಗೆ. "ಬಾವಿ ಸಾಲಿಂದು. ಪ್ರತಿ ವರ್ಷ ತುಂಬ್ತೀನಿ. ಊರಿನ ಮದುವೆಗಳಿಗೆ ಹೊತ್ಕೊಂಡು ಹೋಗ್ತೀನಲ್ಲ, ಅದೇ ಇದು."

"ಹಳೇದೆಲ್ಲಿ?"

"ಅಪ್ಪ ಕೊನೇ ದಿನ ಬೆಳಿಗ್ಗೆ ಮತ್ತೆ ಕೇಳಿದ, ನಿನ್ನ ವೈನ್ ಯಾವಾಗ ಕುಡಿಸ್ತೀಯ ಅಂತ. ಮದುಮಗನ್ನ ಎಲ್ಲಿಂದ ತರ್ಲಿ ನಾನು? ವೈನಂತೂ ಇತ್ತಲ್ಲ. ಓಡಿಬಂದು ಮಣ್ಣು ಕೆರೆದೆ. ಕಲ್ಲಿನ ಹಾಗಾಗಿತ್ತು, ಬೇಗ ಏಳಲೇ ಇಲ್ಲ. ಒಂದು ಲೋಟ ತುಂಬ್ಕೊಂಡು ಮೇಲೆ ಬರೋ ಹೊತ್ತಿಗೆ ನೀವೆಲ್ಲ ಅಳ್ತಿದ್ರಿ."

ನನ್ನ ಕಣ್ಣ ಮುಂದೆ ಆ ಮಣೆಯ ಮೇಲಿನ ಲೋಟ ಬಂತು, ಮೊಣಕೈವರೆಗಿನ ಮಣ್ಣು ಬಂತು. ಅಳು ತಡೆಯಲಾಗಲಿಲ್ಲ, ತಡೆಯಲೂ ಇಲ್ಲ.

"ಅಷ್ಟು ಹಳೇ ವೈನ್, ತೆರೆದ್ಮೇಲೆ ಕೆಟ್ಟುಹೋಗುತ್ತೆ. ಅಪ್ಪನ್ನ ಮಣ್ಣು ಮಾಡಿ ಬಂದ ಊಟಕ್ಕೇ ಎಲ್ಲ ಬಡಿಸ್ದೆ. ನೀನೂ ಮೂರು ಲೋಟ ಹಾಕಿಸ್ಕೊಂಡೆ ಜುಂಬರ್."

ತೇಕ್ಲಾಳಿಗೂ ಕಣ್ಣು ತುಂಬಿತ್ತು. ಅವಳು ಏನನ್ನೂ ದಾಟಿಸಲಿಲ್ಲ. ಅತಿಥಿಗಳಲ್ಲಿ ಒಬ್ಬಾತ ಮಾತ್ರ, ವೈನಿಗೆ ಎಷ್ಟು ವಯಸ್ಸು ಎಂದು ಕೇಳಿದ. ಅದನ್ನು ಅವಳು ಹೇಳಲೇಬೇಕಾಯಿತು. ನನ್ನ ಗಂಡ ಎಂಥ ಸುಳ್ಳು ಹೊಸೆಯುತ್ತಾನೋ ಎಂದು ನಾನು ಹೆದರಿದೆ. ಅವನ ಬಾಯಲ್ಲಿ ಅದಕ್ಕೇನೂ ಬರವಿಲ್ಲ.

"ಒಂದು ವರ್ಷ ಅಂತ ಹೇಳಮ್ಮ" ಎಂದ. "ನಮ್ಮಕ್ಕ ಮಾಡಿದ್ದು ಅಂತ ಹೇಳು."

ಆಮೇಲೆ ಅವನು ರೊಟ್ಟಿಯ ತುಂಡೊಂದನ್ನು ಮುರಿದು, ಸತ್ತವರಿಗೆ ನಾವು ಕೊಡುವಂತೆ ಅದರ ಮೇಲೆ ಲೋಟದಿಂದ ನಾಲ್ಕು ಹನಿ ವೈನ್ ಬಿಟ್ಟ. ಅತಿಥಿಗಳಿಗೆ ಏನು ತಿಳಿಯಬೇಕು ಪಾಪ, ಇಲ್ಲಿ ಕುಡಿಯುವ ಕ್ರಮವೇ ಹೀಗೆಂದುಕೊಂಡರು. ಒಬ್ಬೊಬ್ಬರಾಗಿ ರೊಟ್ಟಿ ಮುರಿದು, ಚೆಲ್ಲದಂತೆ ಜೋಪಾನವಾಗಿ, ನನ್ನ ಮಾವನಿಗೆ ಅವನ ಮಗಳ ವೈನನ್ನು ಹನಿಹನಿಯಾಗಿ ಕುಡಿಸಿದರು. ನಾಜಿ ಮೇಜಿನ ತುದಿಯಲ್ಲಿ ನಿಂತು ಕೊನೆಯವನು ಮುಗಿಸುವವರೆಗೂ ನೋಡಿದಳು. ನಾನು ಬೆಂಚಿನಲ್ಲಿ ಸರಿದು ಅವಳಿಗೆ ಜಾಗ ಮಾಡಿಕೊಟ್ಟೆ.

"ಬಂದೆ" ಎಂದಳು. ಕೋಲು ತೆಗೆದುಕೊಂಡು ಹೊಸ ರಸದ ಗುಡಾಣದ ಕಡೆಗೆ ಹೋದಳು, ಸಿಪ್ಪೆ ಮೇಲೆ ಬಂದಿತ್ತು.