ನೋಟಿನ ನಾಲ್ಕನೆಯ ಸಾಲು

ಸಿದ್ದಾಪುರದ ಬಸ್ ನಿಲ್ದಾಣ. ಶಿರಸಿಗೆ ಹೋಗುವ ಬಸ್ಸಿನ ಕಿಟಕಿಯಿಂದಲೇ ಪೇರಲೆ ಹಣ್ಣು ಮಾರುವ ಅಜ್ಜಿಗೆ ಐವತ್ತರ ನೋಟು ಕೊಟ್ಟೆ. ಹತ್ತು ರೂಪಾಯಿಯ ಹಣ್ಣು. ಅಜ್ಜಿ ನೋಟು ತಿರುಗಿಸಿ, ಸಾಲುಸಾಲಾಗಿ ಭಾಷೆಗಳಿರುವ ಪಟ್ಟಿಯ ಮೇಲೆ ಬೆರಳಿಟ್ಟು, ಒಂದೊಂದೇ ಅಕ್ಷರ ಕೂಡಿಸತೊಡಗಿದಳು.

“ಅದು ಐವತ್ತೇ ಅಜ್ಜಿ, ಬಸ್ಸು ಬಿಡ್ತದೆ,” ಎಂದೆ.

“ಹಿಂಗೇ ಹೇಳಿ ಒಬ್ಬ ಹತ್ತರದ್ದು ಕೊಟ್ಟು ಹೋಗಿದ್ದ ತಮಾ. ಅದ್ಕೇ ಸಾಕ್ಷರತೆ ಕ್ಲಾಸಿಗೆ ಹೋಗಿ ಕಲ್ತದ್ದು. ಈಗ ಓದದೇ ತಗಳೂದಿಲ್ಲ.”

ಕಂಡಕ್ಟರ್ ಸೀಟಿ ಊದಿದ. ಬೆರಳು ಅವಸರ ಮಾಡಲಿಲ್ಲ. ಕನ್ನಡ ಇರುವುದು ಮೇಲಿನಿಂದ ನಾಲ್ಕನೆಯ ಸಾಲಿನಲ್ಲಿ ಎಂದು ನನಗೆ ತಿಳಿದದ್ದೇ ಆ ಬೆರಳಿನಿಂದ. ಇಷ್ಟು ವರ್ಷ ಸಂಬಳ ಎಣಿಸಿಕೊಂಡವನು ಅತ್ತ ನೋಡಿಯೇ ಇರಲಿಲ್ಲ.

“ಐವತ್ತು ರೂಪಾಯಿಗಳು,” ಎಂದು ಓದಿ ಮುಗಿಸಿದ ಅಜ್ಜಿ ಹತ್ತರ ನಾಲ್ಕು ನೋಟು ಕೊಟ್ಟಳು. ನಾನು ಹಾಗೆಯೇ ಕಿಸೆಗೆ ಸೇರಿಸಿದೆ.

“ಎಂತ ತಮಾ, ಓದದೇ ಇಟ್ಕಂಡ್ಯಲ. ತೆಗಿ, ಓದು.”

ಅವಳ ಕೈ ಕಿಟಕಿಯ ಸರಳು ಹಿಡಿದಿತ್ತು. ಎರಡನೇ ಸೀಟಿ ಕೇಳಿತು. ನಾಲ್ಕೂ ನೋಟನ್ನು ಬಸ್ಸಿನವರಿಗೆಲ್ಲ ಕೇಳುವಂತೆ ಓದಿದ ಮೇಲೆಯೇ ಅವಳು ಸರಳು ಬಿಟ್ಟಳು.