ಸಾಮಾನು ಜಾಗದ ಸೀಟು

ಕೊಳ್ಳೇಗಾಲದಲ್ಲಿ ಬೆಳಕು ಹರಿಯುವ ಹೊತ್ತಿಗೆ ಗುರುಸ್ವಾಮಿ ತೆಂಗಿನ ನಾರು ಹಿಂಜುತ್ತಾ ಕೂತಿದ್ದಾರೆ. ಅಕ್ಕಪಕ್ಕದ ಮನೆಗಳಲ್ಲಿ ಮಗ್ಗದ ಸದ್ದು ಶುರುವಾಗಿದೆ. ಇವರ ಮನೆಯಲ್ಲೂ ರೇಷ್ಮೆ ಮಗ್ಗವಿತ್ತು. ಈಗ ಆ ಜಾಗದಲ್ಲಿ ಜೀಪಿನ ಹಳೇ ಸೀಟುಗಳು ಹೊಟ್ಟೆ ಬಿರಿದುಕೊಂಡು ಬಿದ್ದಿವೆ. ಬಾಗಿಲಲ್ಲಿ ಸರ್ಕಾರದ ಆರೋಗ್ಯ ಜೀಪು ನಿಂತಿದೆ. ಅದರ ಡ್ರೈವರ್ ಮಹದೇವಯ್ಯ ಕೈಯಲ್ಲೊಂದು ಕಾಗದ ಹಿಡಿದು ತಲೆ ತಗ್ಗಿಸಿದ್ದಾರೆ. ಹೋದ ತಿಂಗಳು ಗುರುಸ್ವಾಮಿ ಜೀಪಿನ ಹಿಂಬದಿಗೆ ಕೂರಿಸಿದ ಸೀಟನ್ನು ಇವತ್ತೇ ಬಿಚ್ಚಿ ತೆಗೆಯಬೇಕಂತೆ.

"ನಾರು ಇಂಜೋಗಂಟ ಮಾತಾಡಿಸ್ಬೇಡ ಕಣ್ಲಾ ಮಾದೇವ," ಎನ್ನುತ್ತಾರೆ ಗುರುಸ್ವಾಮಿ, ತಲೆ ಎತ್ತದೆ.

ಮೈಸೂರಿನ ಮೋಟಾರು ಶೆಡ್ಡೊಂದರಲ್ಲಿ ಸೀಟು ಕಟ್ಟುವ ಕೆಲಸ ಕಲಿತು ಇವರು ಊರಿಗೆ ಮರಳಿದ್ದು ಐವತ್ತಾರರಲ್ಲಿ, ಕೊಳ್ಳೇಗಾಲ ಮದರಾಸು ಬಿಟ್ಟು ಮೈಸೂರಿಗೆ ಸೇರಿದ ವರ್ಷ. ಈ ಹದಿನಾರು ವರ್ಷಗಳಲ್ಲಿ ಯಳಂದೂರಿನಿಂದ ಹನೂರಿನವರೆಗೆ ಇವರ ಕೈ ಮುಟ್ಟದ ಜೀಪು ಕಡಿಮೆ. ಒಂದು ಸೀಟಿಗೆ ಎರಡು ದಿನ, ನಾಲ್ಕು ಕೆ.ಜಿ. ನಾರು, ದಬ್ಬಣದಲ್ಲಿ ಮುನ್ನೂರಕ್ಕೂ ಮೇಲೆ ಹೊಲಿಗೆ. ಬಲಗೈ ಹೆಬ್ಬೆರಳು ಈಗ ಪೂರ್ತಿ ಮಡಚುವುದಿಲ್ಲ. ಪೇಟೆಯಲ್ಲಿ ಇವರ ಹೆಸರು ಹೇಳಿ ವಿಚಾರಿಸಿದರೆ ಅರ್ಧ ಜನಕ್ಕೆ ಗೊತ್ತೇ ಇಲ್ಲ.

ಸೀಟು ಬೇಕೆಂದು ಬಂದವರಿಗೆ ಇವರು ಮೊದಲು ಕೇಳುವುದು ಒಂದೇ: ಕೂರೋರು ಯಾರು? ಧನಗೆರೆಯ ಜಮೀನ್ದಾರ ಪುಟ್ಟಬಸಪ್ಪನವರು ತಾವೇ ಓಡಿಸುವ ಜೀಪಿಗೆಂದು ಕಾರಿನ ಮೆತ್ತನೆ ಸೀಟು ಕೊಂಡು ತಂದಾಗಲೂ ಕೇಳಿದರು. "ಯಜಮಾನ್ರೇ, ನಿಮ್ಮಷ್ಟು ಎತ್ತರದೋರು ಇದ್ರ ಮ್ಯಾಲೆ ಕೂತ್ರೆ ಮೊಣಕಾಲು ಸ್ಟೇರಿಂಗಿಗೆ, ತಲೆ ಟಾಪಿಗೆ. ಪೆಟ್ರೋಲ್ ಟ್ಯಾಂಕು ಸೀಟ್ ಕೆಳ್ಗೇ ಅದೆ. ಎತ್ತಕ್ ಬರ್ದಂಗೆ ಬಿಗುದ್ಬುಟ್ರೆ ಎಣ್ಣೆ ಎಲ್ಲಿಗ್ ಉಯ್ತೀರಿ?" ಪುಟ್ಟಬಸಪ್ಪನವರು ನಕ್ಕು ನಾರಿನ ಸೀಟಿಗೇ ಒಪ್ಪಿದರು.

ಅದೇ ಪ್ರಶ್ನೆ ಆರೋಗ್ಯ ಇಲಾಖೆಯ ಕಚೇರಿಯವರಿಗೆ ಮಾತ್ರ ನಾಟಲಿಲ್ಲ. ಆರೋಗ್ಯ ಜೀಪಿನ ಮುಂದಿನ ಸೀಟು ಆರು ವರ್ಷಗಳಲ್ಲಿ ಮೂರು ಸಲ ಬದಲಾಗಿದೆ, ಬಂದ ಪ್ರತಿಯೊಬ್ಬ ಸಾಹೇಬರ ಬೆನ್ನಿಗೂ ಒಂದೊಂದು. ಹಿಂದೆ ಮಾತ್ರ ಬರೀ ತಗಡು. ಮಾರ್ಟಳ್ಳಿ ಕಡೆಯಿಂದ ಕೊಳ್ಳೇಗಾಲದ ಆಸ್ಪತ್ರೆಗೆ ಹೆರಿಗೆ ಹೆಂಗಸರನ್ನು ಕರೆತರುವುದು ಅದೇ ತಗಡಿನ ಮೇಲೆ, ಮೂವತ್ತು ಮೈಲಿಗೂ ಮಿಕ್ಕ ಕಲ್ಲುದಾರಿಯಲ್ಲಿ. ಹಿಂದಕ್ಕೂ ಒಂದು ಸೀಟು ಹಾಕೋಣವೆಂದು ಗುರುಸ್ವಾಮಿ ಕೇಳಿದಾಗ ಗುಮಾಸ್ತರು ಜೀಪಿನ ಭಾಗಗಳ ಪಟ್ಟಿ ತೆರೆದು ತೋರಿಸಿದರು. ಅದರಲ್ಲಿ ಹಿಂಬದಿಗೆ ಬರೆದಿರುವ ಹೆಸರು "ಸಾಮಾನು ಜಾಗ". ಮದರಾಸಿನ ಕಾಲದ ಪಟ್ಟಿಯನ್ನು ಕನ್ನಡಕ್ಕೆ ಇಳಿಸಿದವರು ಯಾರೋ, ಆಗ ಅಲ್ಲಿ ಔಷಧಿ ಪೆಟ್ಟಿಗೆ ಇದ್ದದ್ದನ್ನು ಕಂಡು ಹಾಗೆ ಬರೆದರು. ಆಮೇಲೆ ಬಂದವರು ಯಾರೂ ತಿದ್ದಲಿಲ್ಲ. ಸಾಮಾನಿಗೆ ಸೀಟು ಮಂಜೂರಾಗುವುದಿಲ್ಲವಂತೆ! ಬಸುರಿ ಹೆಂಗಸು ಸಾಮಾನು, ಅವಳ ತಲೆ ಹಿಡಿದು ಕೂರುವ ನರ್ಸೂ ಸಾಮಾನು. ಇಂಥ ಲೆಕ್ಕ ಒಪ್ಪುವವರಿಗೆ ನಾಚಿಕೆಯಾಗಬೇಕು.

ಆ ನರ್ಸು ಶಿವನಂಜಮ್ಮ. ಒಂಬತ್ತು ವರ್ಷದಿಂದ ಇದೇ ದಾರಿ. ಹೋದ ವರ್ಷ ಚಿಕ್ಕಮಾದಮ್ಮ ಎಂಬಾಕೆಗೆ ಹನೂರು ಮುಟ್ಟುವ ಮೊದಲೇ ಜೀಪಿನಲ್ಲೇ ಹೆರಿಗೆಯಾಯಿತು. ಮಗು ಉಳಿಯಿತು. ತಾಯಿಯ ಬೆನ್ನು ಮಾತ್ರ ತಗಡಿಗೆ ತರಚಿ ತಿಂಗಳುಗಟ್ಟಲೆ ಮಾಯಲಿಲ್ಲ. "ಅವ್ಳು ಎರ್ಗೆ ನೋವಿಗೆ ಕಿರುಚ್ಲಿಲ್ಲ ಕಣಣ್ಣ, ಜೀಪು ಎತ್ತಾಕ್ದಾಗೆಲ್ಲ ಕಿರುಚುದ್ಲು," ಎಂದು ಶಿವನಂಜಮ್ಮ ಹೇಳಿದ ಮೇಲೆ ಗುರುಸ್ವಾಮಿ ಯಾರನ್ನೂ ಕೇಳಲು ಹೋಗಲಿಲ್ಲ. ಶಿವನಂಜಮ್ಮನನ್ನೇ ತಗಡಿನ ಮೇಲೆ ಕೂರಿಸಿ ಅಳತೆ ತೆಗೆದರು. ತಮ್ಮದೇ ನಾರು, ತಮ್ಮದೇ ಕ್ಯಾನ್ವಾಸು. ಮಲಗಿದವರು ಉರುಳದಂತೆ ಅಂಚು ಎತ್ತರಿಸಿ, ಹಿಡಿದುಕೊಳ್ಳಲು ಪಟ್ಟಿ ಹೊಲಿದು, ನಾಲ್ಕು ಬೋಲ್ಟಿನಲ್ಲಿ ಕೂರಿಸಿದರು. ಆಮೇಲೆ ಏಳು ಜನ ಹೆಂಗಸರು ಅದರ ಮೇಲೆ ಬಂದಿದ್ದಾರೆ.

ಮೊನ್ನೆ ತಪಾಸಣೆಗೆ ಬಂದವರಿಗೆ ಆ ಏಳು ಜನ ಕಾಣಲಿಲ್ಲ, ಪಟ್ಟಿಯಲ್ಲಿಲ್ಲದ ಸೀಟು ಕಂಡಿತು. ಮಹದೇವಯ್ಯನವರ ಕೈಯಲ್ಲಿರುವ ಕಾಗದ ಅದರದ್ದೇ.

ಕೊನೆಗೆ ಗುರುಸ್ವಾಮಿ ಎದ್ದು ಕಾಗದ ಇಸಿದುಕೊಳ್ಳುತ್ತಾರೆ. ಎರಡು ಸಲ ಓದಿ, ಮಡಿಸಿ ಮಹದೇವಯ್ಯನವರ ಜೇಬಿಗೇ ತುರುಕುತ್ತಾರೆ.

"ನಾನು ಬಿಚ್ಚಲ್ಲ ಅಂತ ಯೋಳ್ಬುಡು. ನಿನ್ ಮ್ಯಾಲೆ ಬಂದ್ರೆ ನನ್ ಎಸ್ರು ಯೋಳು."

"ಬ್ಯಾರೆಯೋರ ಕೈಲಿ ಬಿಚ್ಚುಸ್ತಾರೆ ಕಣಣ್ಣ."

"ಬಿಚ್ಚುಸ್ಲಿ. ನಂದು ಒಂದೇ ಕೋರ್ಕೆ. ಇದ ಬರ್ದ ಸಾಯೇಬ್ರು ಒಂದ್ಸಾರಿ ಇಂದ್ಗಡೆ ತಗಡ್ ಮ್ಯಾಲೆ ಕೂತ್ಕಂಡು ಮಾರ್ಟಳ್ಳಿಗೆ ಓಗ್ಬರ್ಲಿ. ಇಳುದ್ಮ್ಯಾಲೂ ಬಿಚ್ಚು ಅಂದ್ರೆ, ಸ್ಪ್ಯಾನರ್ ತಕಂಡು ನಾನೇ ಬತ್ತೀನಿ."